ಹಳೆಯ ಪೆಟ್ಟಿಗೆಗೆ ಹೊಸ ಮೆರುಗು

ತಲೆಮಾರುಗಳಿಂದ ಬಂದ ಮರದ ಪೆಟ್ಟಿಗೆ, ಮಂಚ, ತೊಟ್ಟಿಲುಗಳ ವಿಷಯದಲ್ಲಿ ಗೃಹಸ್ಥರಿಗೆ ಒಂದಲ್ಲ ಒಂದು ದಿನ ಸಂದೇಹವುಂಟಾಗುವುದು ಸಹಜವಷ್ಟೆ. ಮಾಸಿದುದಕ್ಕೆ ಬಣ್ಣವನ್ನು ಬಳಿಸಿ, ಬೇಡವಾದ ಭಾಗವನ್ನು ಕೊಯ್ಸಿ, ಇಂದಿನ ಉಪಯೋಗಕ್ಕೆ ಒಗ್ಗಿಸಿಕೊಂಡರೆ ಅದೇ ಉದ್ಧಾರವೆಂದು ಕೆಲವರು ಹೇಳುತ್ತಾರೆ. ಹಿರಿಯರ ಕೈಯ ಗುರುತನ್ನು ಅಳಿಸಿದ ಮೇಲೆ ಉಳಿದುದು ಹಲಗೆಯೇ ಹೊರತು ಪೆಟ್ಟಿಗೆಯಲ್ಲವೆಂದು ಮತ್ತೆ ಕೆಲವರು ಹೇಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಹುರುಳುಂಟು. ಆದರೆ ಈ ವಾದವು ಸಾಮಾನ್ಯವಾಗಿ ಅಭಿರುಚಿಯ ವಾದವಾಗಿಯೇ ನಡೆದು, ಗೆದ್ದವರಾರು ಸೋತವರಾರೆಂಬುದು ತಿಳಿಯದೆ ಮುಗಿಯುತ್ತದೆ. ಇದೇ ಪ್ರಶ್ನೆಯು 17 ಮತ್ತು 18ನೆಯ ಶತಮಾನಗಳಲ್ಲಿ ಯೂರೋಪು ಖಂಡದಲ್ಲಿ ಬಹು ದೊಡ್ಡ ಪ್ರಮಾಣದಲ್ಲಿ ಎದ್ದಿತು. ಅಲ್ಲಿ ಕೊಯ್ದ ವಸ್ತುಗಳೂ, ಕೊಯ್ಯದೆ ಉಳಿದವುಗಳೂ, ಮೆರುಗು ಬಳಿಸಿಕೊಂಡವುಗಳೂ ಇಂದಿಗೂ ಕಣ್ಣೆದುರಿಗಿವೆ. ಆದಕಾರಣ ಆ ವೃತ್ತಾಂತವನ್ನು ಪರಿಶೀಲಿಸಿದರೆ ವಾದಕ್ಕೆ ಸಾಕ್ಷ್ಯ ದೊರೆಯುವುದು.

ಆ ವೃತ್ತಾಂತಕ್ಕೆ ಮೂಲವಾದುದು ಒಂದು ಲೇಪದ್ರವ್ಯ. ಮತ್ತು ಆ ದ್ರವ್ಯಕ್ಕೆ ತಗಲಿಕೊಂಡ ಒಂದು ತಪ್ಪು ಹೆಸರು. ಸಂಸ್ಕೃತದ ಲಾಕ್ಷಾ ಶಬ್ದವು ಪ್ರಾಕೃತದಲ್ಲಿ ಲಕ್ಖಾ ಎಂದೂ ಹಿಂದಿಯಲ್ಲಿ ಲಾಖ್ ಎಂದೂ ಆಗಿ, ವರ್ತಕರ ಬಾಯಿಂದ ಬಾಯಿಗೆ ದಾಟಿ, ಪೋರ್ತುಗೀಸರಲ್ಲಿ ಲಾಕಾ, ಇಂಗ್ಲಿಷರಲ್ಲಿ ಲ್ಯಾಕರ್ ಎಂಬ ರೂಪಗಳನ್ನು ತಾಳಿತು. ಲಾಕ್ಷೆಯೆಂದರೆ ನಮ್ಮ ಅರಗು. ಮುತ್ತುಗ, ಬೋರೆ ಮೊದಲಾದ ಮರಗಳ ಕೊಂಬೆಗಳಲ್ಲಿ ಒಂದು ಸಣ್ಣ ಕೀಟವು ಸುರಿಸುವ ರಾಳವಿದು. ಕಾಯಿಸಿದರೆ ಕರಗುತ್ತದೆ, ಮದ್ಯಸಾರದಲ್ಲಿ ಕದಡುತ್ತದೆ, ಬೆಂಕಿ ತಗಲಿದರೆ ಉರಿಯುತ್ತದೆ. ದುರ್ಯೋಧನನು ಪಾಂಡವರಿಗೆಂದು ಈ ದ್ರವ್ಯದಿಂದಲೇ ಮನೆಯನ್ನು ಕಟ್ಟಿಸಿದುದರ ಮರ್ಮವೂ ಇದೇ. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆಮರದ ತುಂಡನ್ನು ಚರಕಿಗೆ ಕೊಟ್ಟು, ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ತಿಕ್ಕಾಟದ ಕಾವಿನಿಂದಲೇ ಅದನ್ನು ಕರಗಿಸಿ ಮೆತ್ತುವರು.

ಆದರೆ ಚೀನಾ ಜಪಾನುಗಳಿಂದ ಯೂರೋಪಿಗೆ ಹೋದ ಹೊಳೆಹೊಳೆಯುವ ಕಪ್ಪು ಪೆಟ್ಟಿಗೆಗಳಲ್ಲಿ ಈ ಅರಗು ಎಳ್ಳಷ್ಟೂ ಇರಲಿಲ್ಲ. ಅಲ್ಲಿಯದು ಒಂದು ಮರದ ಹಾಲು. ಜಪಾನೀಯರು ಅದನ್ನು ಉರುಷಿ ಎನ್ನುವರು. ಈ ಮರವು ನಮ್ಮ ಮಾವು, ಗೇರುಗಳ ಕುಲಕ್ಕೆ ಸೇರಿದುದು. ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಭಲ್ಲಾತಕಕ್ಕೂ ದಾಯಾದಿ. ಭಲ್ಲಾತಕದ ರಸ ಮೈಗೆ ತಾಗಿದರೆ ಹೇಗೆ ಬೊಬ್ಬೆಯೇಳುವುದೋ ಹಾಗೆಯೇ ಉರುಷಿಯ ಹಸಿಹಾಲೂ ತಾಗಿದವರನ್ನು ಸುಮ್ಮನೆ ಬಿಡುವುದಿಲ್ಲ. ಇದರ ಸ್ವಭಾವ ವಿಚಿತ್ರವಾದುದು. ಮಿಕ್ಕ ಲೇಪಗಳು ಒಣಗಾಳಿಯಲ್ಲಿ ಗಟ್ಟಿಯಾಗುವುವು. ಇದು ತೇವವಾದ ಬೆಚ್ಚನೆಯ ಗಾಳಿಯಲ್ಲಿ ಮಾತ್ರ ಗಟ್ಟಿಯಾಗುತ್ತದೆ. ಒಂದು ತೆಳು ಪದರವನ್ನು ಬಳಿದು, ಗಟ್ಟಿಯಾಗಲು ಬಿಟ್ಟು, ಉಜ್ಜಿ ನುಣುಪುಗೊಳಿಸಿ, ಮತ್ತೊಂದು ಪದರವನ್ನು ಬಳಿಯಬೇಕು. ಹೀಗೆ ಪದರದ ಮೇಲೆ ಪದರವಾಗಿ ತಿಂಗಳುಗಟ್ಟಲೆ ಕೆಲಸ ಸಾಗುತ್ತದೆ. ಮೇಲಿನ ಪದರವು ಹಸಿಯಾಗಿರುವಾಗಲೇ ಚಿನ್ನದ ಪುಡಿಯನ್ನು ಉದುರಿಸಿ ಚಿತ್ರ ಬರೆಯುವುದಕ್ಕೆ ಮಾಕಿಎ ಎಂದು ಹೆಸರು. ಒಮ್ಮೆ ಗಟ್ಟಿಯಾದ ಮೇಲೆ ನೀರಾಗಲಿ ಮದ್ಯಸಾರವಾಗಲಿ ಅದನ್ನು ಕರಗಿಸಲಾರದು. ಅದಕ್ಕಿರುವ ಶತ್ರು ಬೆಳಕೊಂದೇ. ಬಿಸಿಲಿಗೆ ಒಡ್ಡಿದ ಉರುಷಿಯ ಮೈ ಕಾಲಕ್ರಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬಿರಿದು, ಕಾಂತಿಗುಂದಿ, ಮೊದಲು ತಡೆಯುತ್ತಿದ್ದ ನೀರನ್ನೇ ತಡೆಯಲಾರದಂತಾಗುತ್ತದೆ. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಜಪಾನಿನಿಂದ ಇಂಥ ಸಾಮಾನುಗಳನ್ನು ಯೂರೋಪಿಗೆ ಮೊದಲು ಒಯ್ದವರು ಪೋರ್ತುಗೀಸರು. 1639ರಲ್ಲಿ ಅವರನ್ನು ಆ ದೇಶದಿಂದ ಹೊರದೂಡಲಾಯಿತು. 1641ರಿಂದ ನಾಗಸಾಕಿಯ ದೇಷಿಮಾ ಎಂಬ ಸಣ್ಣ ದ್ವೀಪದಲ್ಲಿ ಕೂಡಿಹಾಕಲ್ಪಟ್ಟ ಡಚ್ಚರೇ ಯೂರೋಪಿನ ಏಕಮಾತ್ರ ವ್ಯಾಪಾರಿಗಳಾದರು. ಆ ಕಾಲದ ಅತ್ಯುತ್ತಮ ಕೆಲಸವು ಕ್ಯೋಟೋ ನಗರದ್ದು. ಅಲ್ಲಿಯ ಕೋಆಮಿ ಮನೆತನದವರು ಷೋಗುನರ ಆಶ್ರಯದಲ್ಲಿದ್ದ ಲೇಪಶಿಲ್ಪಿಗಳು. 1639ರಲ್ಲಿ ಷೋಗುನ್ ಇಎಮಿತ್ಸುವಿನ ಮಗಳು ಚಿಯೋಹಿಮೆಯನ್ನು, ಇನ್ನೂ ಎರಡು ವರ್ಷದ ಮಗುವಾಗಿದ್ದಾಗಲೇ, ಓವಾರಿಯ ತೊಕುಗಾವ ಮನೆತನಕ್ಕೆ ಕೊಟ್ಟು ಮದುವೆ ಮಾಡಿದರು. ಆಕೆಗೆ ಬಳುವಳಿಯಾಗಿ ಕೋಆಮಿ ನಾಗಷಿಗೆ ಸಿದ್ಧಪಡಿಸಿದ ಚಿನ್ನದ ಚಿತ್ರಗಳ ಪೆಟ್ಟಿಗೆ, ಕಪಾಟು, ಪರಿಕರಗಳು ಇಂದು ನಗೋಯಾದ ತೊಕುಗಾವ ಕಲಾ ವಸ್ತುಸಂಗ್ರಹಾಲಯದಲ್ಲಿವೆ. ಅದೇ ವರ್ಷಗಳಲ್ಲಿ, ಅದೇ ನಗರದಲ್ಲಿ, ಅಷ್ಟೇ ಶ್ರಮದಿಂದ ಮಾಡಲ್ಪಟ್ಟ ಕೆಲವು ಪೆಟ್ಟಿಗೆಗಳು ಡಚ್ಚರ ಹಡಗನ್ನೇರಿದುವು. ಬಳುವಳಿಯ ಪೆಟ್ಟಿಗೆಗಳು ಕತ್ತಲೆಯ ಉಗ್ರಾಣದಲ್ಲಿ, ವಿಶೇಷದಿನಗಳಲ್ಲಿ ಮಾತ್ರ ಹೊರಬರುತ್ತ, ಒಂದೇ ಮನೆತನದ ಕೈಯಲ್ಲಿ ಉಳಿದುವು. ಹಡಗನ್ನೇರಿದ ಪೆಟ್ಟಿಗೆಗಳ ಪಾಡು ಬೇರೆ.

ಜಪಾನಿನ ಪೆಟ್ಟಿಗೆಗಳ ಜೊತೆಗೇ ಚೀನಾ ದೇಶದ ತೆರೆಹಲಗೆಗಳೂ ಹೋಗುತ್ತಿದ್ದುವು. ಇವು ಆಳೆತ್ತರದ ಹಲಗೆಗಳನ್ನು, ಅನೇಕ ವೇಳೆ ಹನ್ನೆರಡನ್ನು, ಕೀಲುಗಳಿಂದ ಜೋಡಿಸಿ ಮಾಡಿದ ಮಡಿಸುವ ಗೋಡೆಗಳು. ದಪ್ಪನಾದ ಗಾರೆಯಂಥ ಪದರದ ಮೇಲೆ ಕಪ್ಪು ಲೇಪವನ್ನಿಟ್ಟು, ಅದನ್ನು ಕೊರೆದು, ಕೊರೆದ ತಗ್ಗುಗಳಲ್ಲಿ ಬಣ್ಣ ತುಂಬಿ, ಅರಮನೆ, ಉದ್ಯಾನ, ಮೆರವಣಿಗೆಗಳ ಒಂದೇ ಅಖಂಡವಾದ ಚಿತ್ರವನ್ನು ಮೊದಲನೆಯ ಹಲಗೆಯಿಂದ ಕೊನೆಯದರವರೆಗೆ ಬಿಡಿಸುತ್ತಿದ್ದರು. ಅಧಿಕಾರಿಯೊಬ್ಬನ ಹುಟ್ಟುಹಬ್ಬಕ್ಕೆ ಬಂಧುಮಿತ್ರರು ಕೂಡಿ ಇಂಥದನ್ನು ಒಪ್ಪಿಸುವ ವಾಡಿಕೆಯಿತ್ತು. ಹಾಗೆ ಒಪ್ಪಿಸಿದಾಗ ಹಿಂಬದಿಯಲ್ಲಿ ಅಭಿನಂದನೆಯ ಬರಹವನ್ನೂ, ತಿಥಿಯನ್ನೂ, ಕೊಟ್ಟವರ ಹೆಸರುಗಳನ್ನೂ ಕೊರೆಸುವುದುಂಟು. ನಮ್ಮ ಶಾಸನಗಳಂತೆ ಇವೂ ಒಂದು ಬಗೆಯ ದಾಖಲೆಗಳೆಂದರೆ ಸಲ್ಲುವುದು. ಇವನ್ನು ಯೂರೋಪಿನವರು ಕೋರಮಂಡಲದ ತೆರೆಗಳೆಂದು ಕರೆದರು. ಕೋರಮಂಡಲವೆಂದರೆ ನಮ್ಮ ಚೋಳಮಂಡಲ. ಚೋಳಮಂಡಲದ ಕರಾವಳಿಯಲ್ಲಿ ಒಂದೂ ತೆರೆ ತಯಾರಾಗಲಿಲ್ಲ. ಕಂಪೆನಿಗಳ ಹಡಗುಗಳು ಅಲ್ಲಿಯ ರೇವುಗಳ ಮೂಲಕ ಇವನ್ನು ಸಾಗಿಸಿದುದಷ್ಟೇ ಸಂಬಂಧ. ಇಂಗ್ಲೆಂಡಿನಲ್ಲಿ ಇದಕ್ಕಿಂತ ಮುಂಚೆ ರೂಢಿಯಲ್ಲಿದ್ದ ಹೆಸರು ಬಾಂಟಮ್ ಕೆಲಸ ಎಂಬುದು; ಅದೂ ಜಾವಾ ದ್ವೀಪದ ಒಂದು ರೇವಿನ ಹೆಸರೇ. ಮಾಡಿದವನ ಊರು ಮರೆತುಹೋಗಿ ಸಾಗಿಸಿದವನ ಊರು ಹೆಸರಾಗಿ ನಿಂತುದು ಇದೊಂದೇ ಅಲ್ಲ.

ಈ ತೆರೆಗಳನ್ನು ಪಡೆದ ಯೂರೋಪಿನ ಶ್ರೀಮಂತರಿಗೆ ಅವುಗಳಿಂದ ಏನು ಮಾಡಬೇಕೆಂಬುದು ಹೊಳೆಯಲಿಲ್ಲ. ಅವರಿಗೆ ಬೇಕಾದುದು ಕಪಾಟು, ಕನ್ನಡಿಯ ಚೌಕಟ್ಟು, ಮೇಜು, ಗೋಡೆಯ ಹೊದಿಕೆ. ಆದುದರಿಂದ ಬಡಗಿಗಳನ್ನು ಕರೆಸಿದರು. ಬಡಗಿಗಳು ಹಲಗೆಯ ದಪ್ಪದಲ್ಲಿಯೇ ಗರಗಸವಿಟ್ಟು ಮುಂಬದಿ ಹಿಂಬದಿಗಳನ್ನು ಬೇರ್ಪಡಿಸಿ, ಒಂದು ಹಲಗೆಯಿಂದ ಎರಡು ತೆಳು ಹಾಳೆಗಳನ್ನು ಮಾಡಿ, ತಮಗೆ ಬೇಕಾದ ಅಳತೆಗೆ ಕತ್ತರಿಸಿದರು. ಹಾಲೆಂಡಿನ ಲೇವಾರ್ಡನ್ ಅರಮನೆಯಲ್ಲಿ 1695ಕ್ಕೆ ಮುಂಚೆ ಇಂಥ ಹಲಗೆಗಳಿಂದ ಒಂದು ಕೋಣೆಯ ಗೋಡೆಗಳನ್ನೇ ಹೊದಿಸಿದರು. ಆ ಕೋಣೆಯು ಈಗ ಆಂಸ್ಟರ್ಡಾಮಿನ ರೈಕ್ಸ್ ಮ್ಯೂಸಿಯಮಿನಲ್ಲಿ ಪ್ರದರ್ಶಿತವಾಗಿದೆ. ಬರಹವನ್ನು ಓದಬಲ್ಲವರು ಆ ಬಡಗಿಗಳಲ್ಲಿ ಯಾರೂ ಇರಲಿಲ್ಲ. ಹಿಂಬದಿಯ ಅಭಿನಂದನೆಯನ್ನು ಮುಂಬದಿಯ ಚಿತ್ರದಿಂದ ಅಗಲಿಸಿದ ಕ್ಷಣದಲ್ಲಿಯೇ, ಯಾರ ಹುಟ್ಟುಹಬ್ಬ, ಯಾವ ವರ್ಷ, ಯಾರು ಕೊಟ್ಟರೆಂಬ ಸಂಗತಿಯೆಲ್ಲ ಚಿತ್ರದ ಪಾಲಿಗೆ ಕಳೆದುಹೋಯಿತು.

ಈ ಕೆಲಸವು ಸಮಕಾಲೀನರೆಲ್ಲರಿಗೂ ಒಪ್ಪಿಗೆಯಾಗಿತ್ತೆಂದು ತಿಳಿಯಬಾರದು. ಸ್ಟಾಕರ್ ಮತ್ತು ಪಾರ್ಕರ್ ಎಂಬಿಬ್ಬರು 1688ರಲ್ಲಿ ಆಕ್ಸ್‌ಫರ್ಡಿನಲ್ಲಿ ಅಚ್ಚು ಹಾಕಿಸಿದ, ಜಪಾನೀ ಮಾದರಿಯ ಲೇಪಕ್ರಮವನ್ನು ಕಲಿಸುವ ಗ್ರಂಥದಲ್ಲಿ, ಹಳೆಯ ತೆರೆಗಳನ್ನು ಕೊಯ್ದು ಹೊಸ ಕಪಾಟುಗಳನ್ನು ಮಾಡುವವರನ್ನು ಚೆನ್ನಾಗಿ ಹಾಸ್ಯಮಾಡಿದ್ದಾರೆ. ಮರಗಳೂ ಮನುಷ್ಯರೂ ಕಲಸಿಹೋಗಿ, ಕೆಲವರು ತಲೆಕೆಳಗಾಗಿ ನಿಂತು, ಕಾಲೊಂದೆಡೆ ಮೈಯೊಂದೆಡೆಯಾದ ಈ ಕಪಾಟುಗಳನ್ನು ನೋಡಿ ಮನೆಯ ಒಡೆಯರು ಹಿಗ್ಗುವುದು ಅವರಿಗೆ ನಗೆಗೀಡಾಯಿತು. ಚಿತ್ರದ ಅರ್ಥವನ್ನರಿಯದವನು ಅದನ್ನು ಕತ್ತರಿಸಿದರೆ ಸುಂದರವಾದ ಚೂರುಗಳು ಮಾತ್ರ ದೊರೆಯುವುವೆಂಬ ಟೀಕೆಯು ಹೀಗೆ ಮುನ್ನೂರು ವರ್ಷಗಳಿಗೂ ಹಿಂದಿನದು. ಹಳೆಯ ಸಾಮಾನನ್ನು ಕೆಡಿಸಬಾರದೆಂಬ ಅನುಕಂಪವು ಈ ಕಾಲದ ಹೊಸ ಭಾವುಕತೆಯೆಂದು ಹೇಳುವವರು ಈ ಪುಟವನ್ನು ಗಮನಿಸಬೇಕು.

ಆದರೆ ಇದೇ ಗ್ರಂಥವು ಮತ್ತೊಂದು ಬಗೆಯಲ್ಲಿ ಕುತೂಹಲಕರವಾಗಿದೆ. ಉರುಷಿಯ ಹಾಲು ಯೂರೋಪಿಗೆ ದೊರೆಯುವಂತಿರಲಿಲ್ಲ. ದೊರೆತರೂ ದೂರಪ್ರಯಾಣದಲ್ಲಿ ಕೆಡುತ್ತಿತ್ತು. ಆದಕಾರಣ ಅದನ್ನು ಅನುಕರಿಸಲು ಇಂಗ್ಲಿಷರು ಹುಡುಕಿಕೊಂಡ ದ್ರವ್ಯ ಯಾವುದು? ಇಂಡಿಯಾದೇಶದಿಂದ ಕಂಪೆನಿಯ ಹಡಗುಗಳಲ್ಲಿ ಬರುತ್ತಿದ್ದ ಅರಗು. ಅದನ್ನು ಮದ್ಯಸಾರದಲ್ಲಿ ಕರಗಿಸಿ, ಮೇಲಿಂದ ಮೇಲೆ ಬಳಿದು, ಉಜ್ಜಿ ಹೊಳಪು ತರುವ ವಿಧಿಯನ್ನು ಆ ಗ್ರಂಥಕರ್ತರು ವಿವರಿಸಿದ್ದಾರೆ. ಲಾಕ್ಷೆಯ ಹೆಸರನ್ನು ಹೊತ್ತ ನಿಜವಾದ ಪೆಟ್ಟಿಗೆಗಳಲ್ಲಿ ಲಾಕ್ಷೆಯಿರಲಿಲ್ಲ. ಅವುಗಳ ನಕಲುಗಳಲ್ಲಿ ಮಾತ್ರ ಇತ್ತು! ನಮ್ಮ ಕಾಡುಗಳ ಕೀಟಗಳು ತಮಗೆ ತಿಳಿಯದಂತೆಯೇ ಹೆಸರನ್ನು ಸಾರ್ಥಕಗೊಳಿಸಿದುವು. ಈ ಕಲೆಯು ಕಾಲಕ್ರಮದಲ್ಲಿ ಮನೆಮನೆಯ ಹವ್ಯಾಸವಾಗಿ ಹಬ್ಬಿತು; ವೆನಿಸ್ಸಿನಲ್ಲಿ ಅಚ್ಚಾದ ಚಿತ್ರಗಳನ್ನು ಕತ್ತರಿಸಿ, ಪೀಠೋಪಕರಣಗಳಿಗೆ ಅಂಟಿಸಿ, ಬಣ್ಣ ಕೊಟ್ಟು ಮೇಲೆ ಮೆರುಗೆಣ್ಣೆ ಬಳಿಯುವ ಬಡವರ ಮಾದರಿಯೂ ಹುಟ್ಟಿತು. ಸಾಧಾರಣವಾದ ಮರಕ್ಕೆ ಇವುಗಳಿಂದ ನಷ್ಟವೇನೂ ಆಗಲಿಲ್ಲ, ಲಾಭವೇ ಆಯಿತೆನ್ನಬೇಕು. ಬಣ್ಣವಿಲ್ಲದಿದ್ದರೆ ಒಲೆಗೆ ಹೋಗಬಹುದಾಗಿದ್ದ ಎಷ್ಟೋ ಅಗ್ಗದ ಮೇಜುಗಳು ಆ ಬಣ್ಣದ ಪುಣ್ಯದಿಂದಲೇ ಉಳಿದು ಇಂದು ಬೆಲೆಬಾಳುತ್ತಿವೆ.

ಪ್ರಕೃತ ವಿಷಯದ ಸಾರವಾದ ಭಾಗವು ನಡೆದುದು ಪ್ಯಾರಿಸ್ ನಗರದಲ್ಲಿ. 17ನೆಯ ಶತಮಾನದ ಕೊನೆಗೆ ಡಚ್ಚರ ಕಂಪೆನಿಯು ಬೆಲೆ ಹೆಚ್ಚಾಯಿತೆಂದು ಜಪಾನಿನಿಂದ ಇಂಥ ಸಾಮಾನು ತರಿಸುವುದನ್ನು ಬಹುಮಟ್ಟಿಗೆ ನಿಲ್ಲಿಸಿತು. ಬಂದಿದ್ದ ಪೆಟ್ಟಿಗೆಗಳು ಅಜ್ಜಂದಿರ ಕಾಲದವಾಗಿ, ಚಚ್ಚೌಕವಾದ ಅವುಗಳ ಆಕಾರವು ಹೊಸ ಅರಮನೆಗಳ ಬಾಗುಬಳುಕಿನ ಅಲಂಕಾರಕ್ಕೆ ಹೊಂದದೆ ಮೂಲೆ ಸೇರಿದುವು. ಆಗ ಪ್ಯಾರಿಸಿನ ಅಲಂಕಾರಸಾಮಗ್ರಿಯ ವರ್ತಕರು ಹರಾಜುಗಳಲ್ಲಿ ಇವನ್ನು ಕೊಂಡು ಬಡಗಿಗಳಿಗೆ ಒಪ್ಪಿಸತೊಡಗಿದರು. ಎಬೇರ್ ಎಂಬ ವರ್ತಕನು 1737ರಲ್ಲಿ ಫ್ರಾನ್ಸಿನ ರಾಣಿ ಮರಿ ಲೆಕ್ಸಿನ್ಸ್ಕಳಿಗೆಂದು ಫಾಂತೆನ್‌ಬ್ಲೋ ಅರಮನೆಗೆ ಒಪ್ಪಿಸಿದ ಸೆಳೆಖಾನೆಗಳ ಪೀಠವೊಂದು ಇದಕ್ಕೆ ಪ್ರಸಿದ್ಧವಾದ ನಿದರ್ಶನ. ಅದು ಈಗ ಲೂವ್ರ್ ಸಂಗ್ರಹದಲ್ಲಿದೆ. ಮಾಡಿದವನು ಬೆರ್ನಾರ್ ವಾನ್ ರೀಸೆನ್‌ಬುರ್ಗ್. ಇವನು ತನ್ನ ಕೆಲಸಗಳ ಮೇಲೆ ಬಿ.ವಿ.ಆರ್.ಬಿ. ಎಂಬ ನಾಲ್ಕಕ್ಷರಗಳನ್ನು ಮಾತ್ರ ಒತ್ತುತ್ತಿದ್ದುದರಿಂದ ಕಾಲಾಂತರದಲ್ಲಿ ಹೆಸರೇ ಮರೆತುಹೋಗಿ, 1957ರಲ್ಲಿ ಸಂಶೋಧಕರು ಪುನಃ ಪತ್ತೆಹಚ್ಚಬೇಕಾಯಿತು.

ಇವನ ಕೈಚಳಕವನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳತಕ್ಕದ್ದು. ಜಪಾನೀ ಪೆಟ್ಟಿಗೆಯ ಒಂದು ಪಕ್ಕವನ್ನು ಬಿಚ್ಚಿ, ಅದರ ಹಿಂಬದಿಯ ಮರವನ್ನು ಹತ್ತರಿ ಹಿಡಿದು ಸವೆಸುತ್ತ ಸವೆಸುತ್ತ, ಮುಂಬದಿಯ ಲೇಪಕ್ಕೆ ಒಂದಿಷ್ಟೂ ಪೆಟ್ಟಾಗದಂತೆ, ಒಂದೆರಡು ಮಿಲಿಮೀಟರು ದಪ್ಪದ ಹಾಳೆ ಉಳಿಯುವವರೆಗೆ ತರುತ್ತಿದ್ದರು. ತರುವಾಯ ಆ ಹಾಳೆಯನ್ನು ಹದವರಿತು ಮೆತ್ತಗಾಗಿಸಿ, ಉಬ್ಬಿದ ಹೊಟ್ಟೆಯಂತೆ ಬಾಗಿದ ಹೊಸ ಪೀಠದ ಮೈಗೆ ಬಗ್ಗಿಸಿ ಅಂಟಿಸುತ್ತಿದ್ದರು. ಚಿನ್ನದ ಚಿತ್ರಗಳುಳ್ಳ ಗಟ್ಟಿಲೇಪವು ಹೀಗೆ ಬಗ್ಗುವಾಗ ಬಿರಿಯದಂತೆ ನೋಡಿಕೊಳ್ಳುವುದು ಎಂಥ ಎದೆಗಾರಿಕೆಯ ಕೆಲಸವೆಂಬುದನ್ನು ಮರಗೆಲಸ ಬಲ್ಲವರು ಊಹಿಸಬಹುದು. ಹಾಳೆಗಳ ಅಂಚುಗಳನ್ನು ಚಿನ್ನದ ನೀರು ಕೊಟ್ಟ ಕಂಚಿನ ಬಳ್ಳಿಗಳಿಂದ ಮುಚ್ಚಿ, ಹಾಳೆ ಸಾಲದ ಕಡೆ ಮಾರ್ತಾಂ ಸೋದರರ ಹೆಸರಿನಿಂದ ಪ್ರಸಿದ್ಧವಾದ ಫ್ರೆಂಚ್ ಮೆರುಗಿನಲ್ಲಿ ಜಪಾನೀ ಚಿತ್ರವನ್ನು ಮುಂದುವರಿಸಿ ಬರೆಯುತ್ತಿದ್ದರು. ಎಲ್ಲಿ ಕ್ಯೋಟೋ ಮುಗಿದು ಪ್ಯಾರಿಸು ಮೊದಲಾಯಿತೆಂಬುದು ಎಷ್ಟೋ ಕಡೆ ಮೇಲ್ನೋಟಕ್ಕೆ ತಿಳಿಯುವುದಿಲ್ಲ.

ಇದು ಕೆಡಿಸಿದುದೋ, ಉದ್ಧರಿಸಿದುದೋ? ಸ್ಟಾಕರನ ಕಾಲದ ಕಪಾಟುಗಳ ವಿಷಯದಲ್ಲಿ ಹೇಳಿದಂತೆ ಇಲ್ಲಿ ಒಂದೇ ಮಾತಿನಲ್ಲಿ ಹೇಳಲಾಗುವುದಿಲ್ಲ. ಕಳೆದುಹೋದುದು ಬಹಳ. ಪೆಟ್ಟಿಗೆಯ ಒಳಮೈ, ತಳ, ಕೀಲು, ಬೀಗ, ಕೂಡುಗೆಯ ಕ್ರಮ ಎಲ್ಲವೂ ಹತ್ತರಿಯ ಹೊಟ್ಟಾಗಿ ಹೋಯಿತು. ಆ ಪೆಟ್ಟಿಗೆ ಯಾರಿಗಾಗಿ ಹೇಗೆ ಕಟ್ಟಲ್ಪಟ್ಟಿತೆಂಬುದನ್ನು ಇನ್ನು ಯಾರೂ ತಿಳಿಯಲಾರರು. ಪ್ಯಾರಿಸಿನ ಬಡಗಿಯ ಹೆಸರನ್ನಾದರೂ ಇನ್ನೂರು ವರ್ಷದ ಮೇಲೆ ಹುಡುಕಿ ತೆಗೆದರು. ಅವನು ಸವೆಸಿದ ಹಲಗೆಯ ಜಪಾನೀ ಶಿಲ್ಪಿಯನ್ನು ಹುಡುಕಲು ದಾರಿಯೇ ಇಲ್ಲ. ಆದರೂ, ಆ ಬಡಗಿಯು ತಾನು ಮುಟ್ಟುವ ವಸ್ತುವನ್ನು ಬಲ್ಲವನಾಗಿದ್ದನೆಂಬುದನ್ನು ಮರೆಯಬಾರದು. ಚಿತ್ರವನ್ನು ತಲೆಕೆಳಗು ಮಾಡದೆ, ಅದರ ನಡುವಿನ ಬೆಟ್ಟ, ಮಂಟಪ, ಹಕ್ಕಿಗಳು ಪೀಠದ ನಡುವೆಯೇ ಬರುವಂತೆ ಕಂಚಿನ ಬಳ್ಳಿಯನ್ನು ನಡೆಸಿದನು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಲೇಪವು ಪುನಃ ಅರಮನೆಯ ನಡುಮನೆಗೆ ಬಂದಿತು. ಮತ್ತು ಒಂದು ವಿಚಿತ್ರವುಂಟು: ಆಗ ಹೊಸದೆನಿಸಿದ್ದ ಆ ಪೀಠವೇ ಇಂದು ಹಳೆಯ ವಸ್ತು. ಈಗ ಯಾವನಾದರೂ ಅದನ್ನು ಬಿಚ್ಚಿ, ಜಪಾನೀ ಹಾಳೆಗಳನ್ನು ಎಬ್ಬಿಸಿ, ಮೊದಲಿನ ಪೆಟ್ಟಿಗೆಯನ್ನು ಮಾಡುತ್ತೇನೆಂದರೆ ಅವನನ್ನು ಲೂವ್ರಿನ ಬಾಗಿಲೊಳಗೆ ಬಿಡುವವರಿಲ್ಲ.

ಅದೇ ಶತಮಾನದ ಕೊನೆಯಲ್ಲಿ ಒಬ್ಬಳೇ ರಾಣಿಯ ಮನೆಯಲ್ಲಿ ಎರಡು ನೀತಿಗಳೂ ಒಟ್ಟಿಗೆ ನಡೆದುವು. ಮರಿ ಆಂತ್ವಾನೆತ್ ರಾಣಿಯ ತಾಯಿ ಮರಿಯಾ ತೆರೇಸಾ 1780ರಲ್ಲಿ ತೀರಿಕೊಂಡಾಗ ತನ್ನ ಸಂಗ್ರಹದ ಸುಮಾರು 50 ಸಣ್ಣ ಜಪಾನೀ ಭರಣಿಗಳನ್ನು ಮಗಳಿಗೆ ಬಿಟ್ಟಳು. ಮಗಳು ಅವನ್ನು ವರ್ಸೈಲ್ಸಿನ ತನ್ನ ಒಳಮನೆಯಲ್ಲಿ ಇರಿಸಿ, ಇನ್ನೂ ಕೆಲವನ್ನು ಸೇರಿಸಿ, ಒಂದಕ್ಕೂ ಗರಗಸ ತಾಗಿಸಲಿಲ್ಲ. 1789ರ ಅಕ್ಟೋಬರಿನಲ್ಲಿ ವರ್ಸೈಲ್ಸನ್ನು ಬಿಡಬೇಕಾದಾಗ ಅವನ್ನು ಒಬ್ಬ ವರ್ತಕನ ವಶಕ್ಕೆ ಒಪ್ಪಿಸಿದುದರಿಂದ, ಒಡತಿಯು ಕೊಲೆಗೀಡಾದರೂ ಭರಣಿಗಳು ಉಳಿದುವು. ಆದರೆ ಅದೇ ರಾಣಿಗೆ 1783ರಲ್ಲಿ ರೀಸೆನರ್ ಎಂಬ ಬಡಗಿಯು ಒಂದು ಬರೆಯುವ ಕಪಾಟನ್ನೂ ಅದರ ಜೋಡಿಯಾದ ಸೆಳೆಖಾನೆಗಳ ಪೀಠವನ್ನೂ ಮಾಡಿಕೊಟ್ಟಾಗ, ಅವುಗಳ ಮುಖಕ್ಕೆ ಹೊದಿಸಿದುದು ಹಿಂದಿನ ಶತಮಾನದ ಜಪಾನೀ ಸಾಮಾನುಗಳಿಂದ ಕೊಯ್ದ ಹಲಗೆಗಳನ್ನೇ. ಈ ಜೋಡಿಯು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ತಾಯಿ ಕೊಟ್ಟುದು ಅಖಂಡವಾಗಿ ಉಳಿಯಿತು, ಅಂಗಡಿಯಿಂದ ಬಂದುದು ಕೊಯ್ಯಲ್ಪಟ್ಟಿತು. ಇದರಲ್ಲಿ ಕಲಾಸಿದ್ಧಾಂತವೇನೂ ಇಲ್ಲ. ಯಾವ ಮನೆಯಲ್ಲಿಯೂ ನಡೆಯುವುದು ಇಷ್ಟೇ.

19ನೆಯ ಶತಮಾನದಲ್ಲಿ ಗರಗಸದ ಹಾವಳಿ ತಗ್ಗಿ ಮೆರುಗಿನ ಹಾವಳಿ ಹೆಚ್ಚಿತು. ಅರಗನ್ನು ಮದ್ಯಸಾರದಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ಉಜ್ಜಿ ಕನ್ನಡಿಯಂತೆ ಹೊಳೆಸುವ ಫ್ರೆಂಚ್ ಪಾಲಿಷು ಆ ಶತಮಾನದ ಮೊದಲ ಭಾಗದಲ್ಲಿ ಎಲ್ಲೆಡೆಯೂ ಹರಡಿತು. ಮೇಣದಿಂದಲೂ ಎಣ್ಣೆಯಿಂದಲೂ ಹದಗೊಂಡು ತಲೆಮಾರುಗಳ ಕೈಯಾಡಿ ಮಾಗಿದ್ದ ಹಳೆಯ ಮೇಜುಗಳನ್ನು ಹೆರೆದು, ಈ ಹೊಳಪನ್ನು ಕೊಡಿಸಿಕೊಂಡವರ ಸಂಖ್ಯೆ ಅಪಾರ. ಇಂಗ್ಲೆಂಡಿನಲ್ಲಿ ಹಳೆಯ ದೇವಾಲಯಗಳ ಮೈಯನ್ನು ಹೆರೆಯುವುದರ ವಿರುದ್ಧ ವಿಲಿಯಂ ಮಾರಿಸನು 1877ರಲ್ಲಿ ಒಂದು ಸಂಘವನ್ನೇ ಕಟ್ಟಬೇಕಾಗಿ ಬಂದಿತು. ಆ ಸಂಘಕ್ಕೆ ಹೆರೆವಿರೋಧಿಗಳೆಂಬ ಅಡ್ಡಹೆಸರು ಬಿದ್ದಿತು. ಮೇಜುಗಳ ಪರವಾಗಿ ಅಂಥ ಸಂಘ ಹುಟ್ಟಲಿಲ್ಲ.

ಮೆರುಗು ಮಾಡುವ ಕೇಡನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಮಜಾರಾಂ ಪೆಟ್ಟಿಗೆಯೆಂದು ಪ್ರಸಿದ್ಧವಾದುದರ ಕಥೆ. ಇದು 1640ರ ಸುಮಾರಿನಲ್ಲಿ ಕ್ಯೋಟೋದಲ್ಲಿ, ಮೇಲೆ ಹೇಳಿದ ಬಳುವಳಿಗೆ ಸರಿದೊರೆಯಾದ ಕೆಲಸದಿಂದ ಸಿದ್ಧವಾದುದು. ಗೆಂಜಿಯ ಕಥೆಯ ಸನ್ನಿವೇಶಗಳು ಚಿನ್ನ, ಬೆಳ್ಳಿ, ಮುತ್ತಿನ ಚಿಪ್ಪುಗಳಲ್ಲಿ ಅದರ ಮೈಮೇಲಿವೆ. ಅದರ ಬೀಗದ ಕೈಯ ಮೇಲೆ ಫ್ರಾನ್ಸಿನ ಮಂತ್ರಿಯಾಗಿದ್ದ ಕಾರ್ಡಿನಲ್ ಮಜಾರಾಂನ ಮನೆತನದ ಲಾಂಛನವಿರುವುದರಿಂದ ಆ ಹೆಸರು ಬಂದಿತು. ಇದೂ ಇದರ ಜೊತೆಯ ಮತ್ತೊಂದು ದೊಡ್ಡ ಪೆಟ್ಟಿಗೆಯೂ ತರುವಾಯ ವಿಲಿಯಂ ಬೆಕ್‌ಫರ್ಡ್ ಎಂಬ ಇಂಗ್ಲಿಷ್ ಸಂಗ್ರಾಹಕನಿಗೂ, ಅವನ ಮಗಳ ಮೂಲಕ ಹ್ಯಾಮಿಲ್ಟನ್ ಡ್ಯೂಕರ ಮನೆಗೂ ಸೇರಿದುವು. 1882ರಲ್ಲಿ ಹ್ಯಾಮಿಲ್ಟನ್ ಅರಮನೆಯ ಸಾಮಾನುಗಳು ಹರಾಜಾದಾಗ ಒಂದನ್ನು ಲಂಡನ್ನಿನ ಈಗಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದವರು ಕೊಂಡರು. ಇನ್ನೊಂದು ಖಾಸಗಿಯವರ ಕೈಸೇರಿತು.

ಶತಮಾನಗಳ ಕಾಲ ಯೂರೋಪಿನ ಬೆಳಕಿನಲ್ಲಿ ನಿಂತ ಲಂಡನ್ನಿನ ಪೆಟ್ಟಿಗೆಯ ಮೈ ಮೊದಲು ಹೇಳಿದಂತೆ ಸಣ್ಣಗೆ ಬಿರಿದು ಕಾಂತಿಗುಂದಿತ್ತು. ಯಾವ ಕಾಲದಲ್ಲಿಯೋ, ಯಾರೋ, ಸದುದ್ದೇಶದಿಂದಲೇ, ಕಳೆದ ಹೊಳಪನ್ನು ಮರಳಿಸಲೆಂದು ಅದರ ಮೇಲೆ ಪಾಶ್ಚಾತ್ಯ ರಾಳದ ಮೆರುಗನ್ನು ಬಳಿದರು. ಆ ಮೆರುಗು ಕಾಲಕ್ರಮದಲ್ಲಿ ಹಳದಿಯಾಗಿ ಚಿನ್ನದ ಚಿತ್ರವನ್ನು ಮಸುಕುಗೊಳಿಸಿತು. ಅದನ್ನು ತೆಗೆಯಬೇಕಾದರೆ ಮದ್ಯಸಾರವೇ ಮೊದಲಾದ ದ್ರವಗಳು ಬೇಕು. ಹೊಸದಾಗಿದ್ದಾಗ ಇವುಗಳಿಗೆ ಜಗ್ಗದಿದ್ದ ಉರುಷಿಯು ಬಿರಿದ ಮೇಲೆ ಅವನ್ನು ತಾಳಲಾರದು. ಮೆರುಗನ್ನು ಬಿಡುವಂತಿಲ್ಲ, ತೆಗೆಯುವಂತಿಲ್ಲ. ಬೇರೆ ದ್ರವ್ಯದ ಮೇಲೆ ಬೇರೆ ದ್ರವ್ಯವನ್ನು ವಿಚಾರಿಸದೆ ಬಳಿದರೆ ಆಗುವ ಬಿಕ್ಕಟ್ಟು ಇದು. ರೀಸೆನ್‌ಬುರ್ಗನು ಗರಗಸವಿಟ್ಟನು, ಆದರೂ ಅವನು ಮುಟ್ಟಿದ ಲೇಪವು ಕಾಂತಿಯಿಂದ ಉಳಿಯಿತು. ಪೆಟ್ಟಿಗೆಯನ್ನು ಪೆಟ್ಟಿಗೆಯಾಗಿಯೇ ಉಳಿಸಿದ ಸಜ್ಜನನ ಕುಂಚವು ಅದಕ್ಕೆ ಹೆಚ್ಚಿನ ಕೇಡು ಮಾಡಿತೆಂದು ಹೇಳಬೇಕಾಗಿದೆ.

2004ರಿಂದ 2008ರವರೆಗೆ ಈ ಪೆಟ್ಟಿಗೆಯ ಚಿಕಿತ್ಸೆ ನಡೆಯಿತು. ಅಲ್ಲಿ ಎರಡು ದೇಶಗಳ ಧರ್ಮಸೂಕ್ಷ್ಮಗಳು ಎದುರುಬದುರಾದುವು. ಬಿರಿದ ಮೈಗೆ ತೆಳುವಾದ ಉರುಷಿಯನ್ನೇ ಹೀರಿಸಿ ಒರೆಸಿ ಗಟ್ಟಿಗೊಳಿಸುವುದು ಜಪಾನಿನ ಸಂಪ್ರದಾಯ. ಮೂಲದ್ರವ್ಯದಿಂದಲೇ ಮೂಲವನ್ನು ಪೋಷಿಸಬೇಕೆಂಬುದು ಅವರ ಮತ. ಆದರೆ ಉರುಷಿಯು ಒಮ್ಮೆ ಗಟ್ಟಿಯಾದರೆ ಮರಳಿ ತೆಗೆಯಲಾಗದು. ಮುಂದಿನವರು ಬೇಕೆಂದರೆ ಕಳಚಬಹುದಾದ ದ್ರವ್ಯವನ್ನು ಮಾತ್ರ ಹಾಕಬೇಕೆಂಬುದು ಯೂರೋಪಿನ ವಸ್ತುಸಂಗ್ರಹಾಲಯಗಳ ನಿಯಮ. ಇಬ್ಬರೂ ಕುಳಿತು ಎರಡು ಪದ್ಧತಿಗಳನ್ನೂ ಒಂದಕ್ಕೊಂದು ಹೊಂದಿಸುವ ದಾರಿಯನ್ನು ಹುಡುಕಿದರು.

ನಮ್ಮಲ್ಲಿಯೂ ಜಪಾನೀಯರ ಮತಕ್ಕೆ ಹತ್ತಿರವಾದ ಆಚಾರವಿದೆ. ಗ್ರಾಮದೇವತೆಗಳ ಮರದ ವಿಗ್ರಹಗಳಿಗೆ ಜಾತ್ರೆಗೆ ಮುನ್ನ ಹೊಸ ಬಣ್ಣ ಕೊಡಿಸುವುದುಂಟು. ಕೊಪ್ಪಳ ಸೀಮೆಯ ಕಿನ್ನಾಳದ ಚಿತ್ರಗಾರರು ಇದರಲ್ಲಿ ನಿಪುಣರು. ಹಳೆಯ ಬಣ್ಣ ಹೋಯಿತೆಂದು ಅಲ್ಲಿ ಯಾರೂ ಮರುಗುವುದಿಲ್ಲ. ಆದರೆ ಈ ಆಚಾರವನ್ನು ಮನೆಯ ಪೆಟ್ಟಿಗೆಗೆ ಪ್ರಮಾಣವಾಗಿ ಎಳೆದು ತರುವವರು ಒಂದು ಭೇದವನ್ನು ಗಮನಿಸಬೇಕು. ಆಗಮಗಳಲ್ಲಿ ಜೀರ್ಣೋದ್ಧಾರಕ್ಕೆ ಮೊದಲು ಕಲಾಕರ್ಷಣವೆಂಬ ವಿಧಿಯಿದೆ. ಬಿಂಬದ ಸಾನ್ನಿಧ್ಯವನ್ನು ಕಲಶಕ್ಕೆ ಆವಾಹಿಸಿ, ಬಾಲಾಲಯದಲ್ಲಿರಿಸಿ, ಆಮೇಲೆ ಉಳಿ ಕುಂಚಗಳನ್ನು ಮುಟ್ಟಿಸುವರು. ಕೆಲಸ ಮುಗಿದ ಮೇಲೆ ಸಾನ್ನಿಧ್ಯವು ಮರಳುತ್ತದೆ. ಆದಕಾರಣ ಅಲ್ಲಿ ಮರವೂ ಬಣ್ಣವೂ ಉಡುಪಿನಂತೆ. ಪೆಟ್ಟಿಗೆಗೆ ಕಲಾಕರ್ಷಣವೆಲ್ಲಿಯದು? ಅದರಲ್ಲಿರುವ ಸಾನ್ನಿಧ್ಯವೆಲ್ಲ ಕೂಡುಗೆಯಲ್ಲಿ, ಹತ್ತರಿಯ ಗೆರೆಯಲ್ಲಿ, ಹಿಡಿ ಸವೆದು ತಗ್ಗಾದ ಜಾಗದಲ್ಲಿ, ಹಿಂಬದಿಯ ಬರಹದಲ್ಲಿ ಅಂಟಿಕೊಂಡಿರುವುದು. ಉಜ್ಜುಗಾಗದವು ಬಂದಾಗ ಅದನ್ನು ತೆಗೆದಿರಿಸಲು ಕಲಶವಿಲ್ಲ.

ಇನ್ನು ಮಜಾರಾಂ ಪೆಟ್ಟಿಗೆಯ ಜೊತೆಗಾರನ ಸಂಗತಿ. ಅದು ಒಬ್ಬ ಗಣಿಯೊಡೆಯನ ಮನೆಯಲ್ಲಿದ್ದು, ಅವನು 1941ರಲ್ಲಿ ತೀರಿಕೊಂಡ ಮೇಲೆ ಯುದ್ಧದ ಗೊಂದಲದಲ್ಲಿ ಎಲ್ಲಿಯೋ ಮರೆಯಾಯಿತು. ಲಂಡನ್ನಿನ ವಸ್ತುಸಂಗ್ರಹಾಲಯದವರು ದಶಕಗಳ ಕಾಲ ಅದನ್ನು ಹುಡುಕಿದರು. ಅದು ಅವರ ವಸ್ತುಸಂಗ್ರಹಾಲಯವಿರುವ ಸೌತ್ ಕೆನ್ಸಿಂಗ್ಟನ್ನಿನಲ್ಲಿಯೇ ಒಂದು ಮನೆಯಲ್ಲಿತ್ತು. 1970ರಲ್ಲಿ ಫ್ರೆಂಚ್ ಎಂಜಿನಿಯರರೊಬ್ಬರು ಅದರ ಪೂರ್ವೋತ್ತರವನ್ನು ತಿಳಿಯದೆ 100 ಪೌಂಡು ಕೊಟ್ಟು ಕೊಂಡು, ಅದರ ಮೇಲೆ ದೂರದರ್ಶನ ಯಂತ್ರವನ್ನಿರಿಸಿದರು. ಕೆಲಸದಿಂದ ನಿವೃತ್ತರಾಗಿ ಫ್ರಾನ್ಸಿನ ಲ್ವಾರ್ ನದಿಯ ಸೀಮೆಗೆ ಹಿಂದಿರುಗಿದ ಮೇಲೆ ಅದು ಪಾನೀಯದ ಸೀಸೆಗಳನ್ನಿಡುವ ಪೆಟ್ಟಿಗೆಯಾಯಿತು. ಹೀಗೆ ನಾಲ್ಕು ದಶಕ ಕಳೆದುವು. ಮನೆಗೆಲಸಕ್ಕೆ ಅದನ್ನು ಬಳಸಿದರೇ ಹೊರತು ಅದಕ್ಕೆ ಗರಗಸವಿಡಲಿಲ್ಲ. ಅವರ ಕಾಲಾನಂತರ 2013ರ ಜೂನ್ ತಿಂಗಳಲ್ಲಿ ಅದು ಹರಾಜಿಗೆ ಬಂದಾಗ ಆಂಸ್ಟರ್ಡಾಮಿನ ರೈಕ್ಸ್ ಮ್ಯೂಸಿಯಮಿನವರು 70 ಲಕ್ಷ ಯೂರೋಗಳಿಗೂ ಹೆಚ್ಚು ಕೊಟ್ಟು ಕೊಂಡರು. ಕೊಯ್ದ ತೆರೆಗಳಿಂದ ಗೋಡೆ ಹೊದಿಸಿದ ಲೇವಾರ್ಡನ್ನಿನ ಕೋಣೆಯೂ, ಸೀಸೆಗಳನ್ನು ಹೊತ್ತ ಈ ಅಖಂಡವಾದ ಪೆಟ್ಟಿಗೆಯೂ ಈಗ ಆ ಒಂದೇ ವಸ್ತುಸಂಗ್ರಹಾಲಯದ ಸೊತ್ತು.